ಬೇರಿಂಗ್ ಟಪಾಲು

ಯುದ್ಧ ಕಲಬುರಗಿಯ ತನಕ ರೈಲಿನಲ್ಲಿ ಬಂತು.
ಅಲ್ಲಿಂದ ಹುಮನಾಬಾದಿಗೆ ಟಾಂಗಾ,
ಮುಂದೆ ಬೀದರಕ್ಕೆ
ಗೆಜ್ಜೆಕೋಲಿನ ಹರಕಾರನ ಹೆಗಲು.
ನಡುವೆ ಎರಡು ದಿನ ಕಾಣೆ: ಕಾರಂಜಾ ತುಂಬಿರಬೇಕು,
ಆಚೆ ದಂಡೆಯ ಗುಡಿಸಲಲ್ಲಿ ಕೂತಿರಬೇಕು ಯುದ್ಧ,
ಅವನ ರೊಟ್ಟಿಗಂಟಿನ ಪಕ್ಕ.

ಇದೆಲ್ಲ ಮುದ್ರೆಗಳು ಹೇಳಿದ್ದು.
ಮೂವತ್ತೊಂದು ವರ್ಷ ಕಾಗದ ವಿಂಗಡಿಸಿದ ಕಣ್ಣು ನನ್ನದು,
ಮಸಿಯ ವೃತ್ತದೊಳಗಿನ ತಾರೀಖು ಮೊದಲು ಓದುತ್ತದೆ,
ಹೆಸರು ಆಮೇಲೆ.

ಗವಾನ ಚೌಕದ ರದ್ದಿಯಲ್ಲಿ ಸಿಕ್ಕ ಲಕೋಟೆ. ಫಸಲಿ ೧೩೨೩.
ಮುಂಬಯಿಯ ದಲಾಲನಿಂದ (ಹೆಸರು ಗೆದ್ದಲು ತಿಂದಿದೆ)
ಧಾತು ವ್ಯಾಪಾರಿ ಚನ್ನಮಲ್ಲಪ್ಪ ಭಾತಂಬ್ರೆಗೆ.
ಟಿಕೀಟು ಹಚ್ಚಿಲ್ಲ. ಮರೆವಲ್ಲ ಅದು;
ಬಾಕಿ ಇರುವ ಕಾಗದ ಹಾದಿಯಲ್ಲಿ ಕಳೆಯುವುದಿಲ್ಲ
ಅಂತ ವ್ಯಾಪಾರಿಗಳಿಗೆ ಗೊತ್ತಿತ್ತು.
ಬೇರಿಂಗ್: ದರ ಇಮ್ಮಡಿ, ಪಡೆದವನೇ ತೆರಬೇಕು.

ಒಳಗೆ ಗಂಟು ಗಂಟು ಮೋಡಿ ಲಿಪಿ.
ಭಾಲ್ಕಿಯ ಗೋದಾಬಾಯಿ ಕುಲಕರ್ಣಿ ಭೂತಗನ್ನಡಿ ಹಿಡಿದು ಓದಿದರು:
ಶ್ರೀ. ಇಲ್ಲಿ ಕ್ಷೇಮ, ನಿಮ್ಮ ಕ್ಷೇಮ ಬಯಸುವೆ.
ಬೆಲ್ಜಂ ಎಂಬ ಸೀಮೆ ಬಿತ್ತು. ಅಲ್ಲಿಯ ಭಟ್ಟಿಗಳು ಆರಿವೆ.
ಜಸ್ತದ ಹಡಗು ಬರುವುದಿಲ್ಲ.
ಇದ್ದ ಮಾಲು ಅಡಗಿಸಿಡಿ. ಉದ್ರಿ ಬೇಡ.
ಮಕ್ಕಳಿಗೆ ಆಶೀರ್ವಾದ.

"ಇಷ್ಟೇನಾ?" ಅಂದೆ.
"ಸತ್ತವರ ಲೆಕ್ಕ ಬರದಿಲ್ಲರಿ, ಮಣದ ಲೆಕ್ಕ ಅದಾ."

ಹಿಂಬದಿಗೆ ಬೇರೆ ಮಸಿ, ಕನ್ನಡದ ಜಮಾಖರ್ಚು.
ಒಂಬತ್ತಿದ್ದ ಜಸ್ತ ಇಪ್ಪತ್ತಾರು ಹಾಲಿ ರೂಪಾಯಿ.
ಅದರ ಕೆಳಗೆ:
ಖಾದರ ಬಿದರಿಗಾರ ಬಂದಿದ್ದ, ಬರಿಗೈಲಿ ಹೋದ.
ಮತ್ತೆ ಬಂದ. ಅವರಪ್ಪ ಮಾಡಿದ ಹುಕ್ಕಾ ತಳ, ಬೆಳ್ಳಿ ಕಿತ್ತಿದ್ದು.
ತೂಕ ಎರಡೂವರೆ ಸೇರು, ಹಳೆಯ ದರ.
ಟಪಾಲಿನ ದಂಡ ಒಂದಾಣೆ ಅವನ ಲೆಕ್ಕಕ್ಕೆ.

ಹೈದರಾಬಾದಿನಿಂದ ಸಂಗ್ರಾಹಕ ಫೋನು ಮಾಡಿದ್ದ.
ಲಕೋಟೆಗೆ ನಾಲ್ಕು ಸಾವಿರ, ಮುದ್ರೆ ಸ್ವಚ್ಛವಿದ್ದರೆ.
ಒಳಗಿನ ಕಾಗದ ಇದ್ದರೂ ಸರಿ, ಇಲ್ಲದಿದ್ದರೂ ಸರಿಯಂತೆ.

ಸಂಜೆ ಚೌಬಾರಾ ದಾಟಿ ಬಿದರಿಯವರ ಸಾಲಿಗೆ ಹೋದೆ.
ಹುಡುಗನೊಬ್ಬ ಕೋಟೆಯ ಮಣ್ಣು ನಾಲಿಗೆಗಿಟ್ಟು ನೋಡಿ
ಹೂದಾನಿಗೆ ತಿಕ್ಕುತ್ತಿದ್ದ; ಕಪ್ಪು ಏರುತ್ತಿತ್ತು,
ಬೆಳ್ಳಿಯ ಬಳ್ಳಿ ಮಾತ್ರ ಬಿಳಿ.
ಖಾದರನ ಮನೆ ಯಾವುದಪ್ಪ?
"ಯಾವ ಖಾದರ?"
ನೂರು ವರ್ಷ ತಡವಾದ ಟಪಾಲಿನವ ಏನು ಹೇಳಲಿ.
ಒಂದಾಣೆ ವಾಪಸು ಕೊಡೋದಿತ್ತು, ಅಂದೆ.
ಅವನು ನಕ್ಕ,
ಕರಿ ಮೆತ್ತಿದ ಅಂಗೈ ಚಾಚಿದ.