ಜಾಕೀಟಿನ ತೋಳು

ಲಂಡನ್ನಿನ ಗ್ರೀನ್ ಲೇನ್ಸಿನಲ್ಲಿ ಹೊಲಿಗೆಯಂಗಡಿ. ಎರಡು ಮಷೀನು.
ಕಿಟಕಿ ಪಕ್ಕದ್ದು ಎಮೆತೆಯದು, ಗೋಡೆ ಪಕ್ಕದ್ದು ನನ್ನದು.
ಆಕೆಗೆ ಎಪ್ಪತ್ತು ದಾಟಿದೆ; ಸೂಜಿಗೆ ದಾರ ಮಾತ್ರ
ಇನ್ನೂ ಒಂದೇ ಏಟಿಗೆ.

ಮೊದಲ ವಾರ ಕಲಿತ ಮಾತು: ಕೊಲ್.
ಕೇಳಿ ಬೆಚ್ಚಿದ್ದೆ.
ನಕ್ಕು ತನ್ನ ತೋಳು ತಟ್ಟಿ ತೋರಿಸಿದಳು, ಆಮೇಲೆ
ಮೇಜಿನ ಮೇಲಿದ್ದ ಜಾಕೀಟಿನ ತೋಳನ್ನೂ.
ನಮ್ಮಲ್ಲೂ ಹಾಗೇ, ಅಂದೆ,
ಮೈಯದಕ್ಕೂ ಬಟ್ಟೆಯದಕ್ಕೂ ಒಂದೇ ಹೆಸರು.

ಜೆಕೆತಿನ್ ಕೊಲು, ಅಂದಳು.
ಜಾಕೀಟಿನ ತೋಳು, ಅಂದೆ.
ಆ 'ಇನ್' ನಮ್ಮ ಕಡೆಯದೇ ಇರಬೇಕು.
ದಾವಣಗೆರೆಯಲ್ಲಿ ಮೇಷ್ಟ್ರು ಬೆತ್ತ ಆಡಿಸುತ್ತ
ಬಾಯಿಪಾಠ ಮಾಡಿಸಿದ ಷಷ್ಠೀ
ಯಾವ ದಾರಿ ಹಿಡಿದು ಸೈಪ್ರಸ್ಸಿಗೆ ಹೋಗಿತ್ತೋ!
ಎಮೆತೆ ಬೆರಳೆತ್ತಿದಳು: ಕೊನೆಯ 'ಉ' ನೋಡು.
ನಿನ್ನ ತೋಳಿನ ಉ ಸುಮ್ಮನೆ ನಿಂತಿದೆ.
ನನ್ನದು ದುಡಿಯುತ್ತೆ: 'ಅದರದು' ಅನ್ನುತ್ತೆ.
ಜಾಕೀಟಿನ, ಅದರ ತೋಳು.
ಒಡೆಯನ ಕಡೆ ಒಂದು ಗಂಟು, ಒಡವೆಯ ಕಡೆ ಒಂದು.
ಒಂದೇ ತುದಿಗೆ ಹಾಕಿದರೆ ದಾರ ಜಾರುತ್ತೆ,
ಹೊಲಿಯೋಳಿಗೆ ಇದನ್ನೂ ಹೇಳಬೇಕಾ?

ಎವ್, ಮನೆ. ಎವಿಮ್, ನನ್ನ ಮನೆ.
ಎವಿಮ್‌ದೆ, ಅದರಲ್ಲಿ. ಎವಿಮ್‌ದೆನ್, ಅದರಿಂದ.
ಅಲ್ಲಿ ಇಮ್ ಆದದ್ದು ಕೊಲ್‌ಗೆ ಬಂದರೆ ಉಮ್, ಕೊಲುಮ್:
ಬಟ್ಟೆ ನೋಡಿ ದಾರದ ಬಣ್ಣ ಆರಿಸಿದ ಹಾಗೆ.

ನವೆಂಬರಿನಲ್ಲಿ ಕೌನ್ಸಿಲ್ಲಿನ ಫಾರಮ್ಮು ಬಂತು.
ಕನ್ನಡಕ ತಂದಿಲ್ಲ, ನೀನೇ ತುಂಬು, ಅಂದಳು.
ಕನ್ನಡಕ ಹಣೆಯ ಮೇಲೇ ಇತ್ತು.
ಹೆಸರು, ವಿಳಾಸ, ಹುಟ್ಟಿದ ವರ್ಷ.
ಒಡಹುಟ್ಟಿದವರು?
ಪೆಡಲು ಬಿಡದೆ ಅಂದಳು: ಕರ್ದೆಶಿಮ್ ಯೊಕ್.

ನನಗೆ ತಮ್ಮ ಇಲ್ಲ, ಅಂತೀವಿ ನಾವು.
'ನನಗೆ' ಒಂದು ಮೂಲೆಗೆ, 'ಇಲ್ಲ' ಇನ್ನೊಂದಕ್ಕೆ,
ನಡುವೆ ತಮ್ಮ, ಯಾರವನೂ ಅಲ್ಲದೆ.
ಅವಳಿಗೆ ಆ ಸವಲತ್ತಿಲ್ಲ.
ಇಲ್ಲ ಅನ್ನುವ ಮುಂಚೆ ಇಮ್ ಹೊಲಿಯಬೇಕು,
ನನ್ನವನು ಅಂದುಕೊಂಡೇ ಇಲ್ಲ ಅನ್ನಬೇಕು.
ಹುಟ್ಟದೇ ಇದ್ದವನಿಗೂ ಇದೇ ಮಾತು,
ಎದ್ದು ಹೋದವನಿಗೂ.
ಯಾವುದೆಂದು ಕೇಳಲಿಲ್ಲ.
ಚೌಕದಲ್ಲಿ ಗೆರೆ ಎಳೆದೆ, ಪೆನ್ನು ಎರಡು ಸಲ ಕೈಕೊಟ್ಟಿತು.

ಸಂಜೆ ಶಟರ್ ಎಳೆಯುವಾಗ ಗೂಟದಲ್ಲಿ
ಯಾರೂ ಒಯ್ಯದ ಬೂದು ಜಾಕೀಟು.
ಕಿಮಿನ್? ಅಂದೆ. ಯಾರದ್ದು?
ಚೀಟಿಯಲ್ಲಿ ಬರೀ ನಂಬರು.
ಎಮೆತೆ ಒಳಗೆ ಕೈ ತೂರಿಸಿ
ಭುಜದ ಹತ್ತಿರ ಬೆರಳು ಹೊರಗೆ ಹಾಕಿದಳು.

ಕೊಲು ಬಿಟ್ಟಿದೆ, ಅಂದಳು.
ನಾಳೆ ಹೊಲಿ.