ಗಾಜು ಏರಿಸಿದ ಮೇಲೆ

ರೂವಿಯ ಹಿಂದೆ, ಟಯರಂಗಡಿಗಳ ಸಾಲು ಮುಗಿದು
ಬೋಳು ಬೆಟ್ಟ ಶುರುವಾಗುವಲ್ಲಿ ಕಾರು ನಿಲ್ಲಿಸುತ್ತೇನೆ.
ನಾಲ್ಕೂ ಗಾಜು ಏರಿಸಿ, ಎ.ಸಿ. ಆರಿಸಿ,
ಮುಂದಿನ ಗಾಜಿಗೊಂದು ಚಾದರ ಕಟ್ಟಿ
(ಆಡಿದ ಮಾತು ತಾಗಿ ವಾಪಸು ಬರಬಾರದಲ್ಲ)
ಫೋನಿಗೆ ಹೇಳುತ್ತೇನೆ:
ನಮಸ್ಕಾರ, ನಾನು ಮೈಮೂನಾ ಟೀಚರ್.

ಹನ್ನೊಂದು ನಿಮಿಷ. ಹೆಚ್ಚು ಆಗುವುದಿಲ್ಲ.
ಹೊರಗೆ ನಲವತ್ತಾರು ಡಿಗ್ರಿ, ಒಳಗೆ ಎಷ್ಟೋ.
ಸಂಚಿಕೆಯ ಉದ್ದ ನಿರ್ಧರಿಸುವುದು ಬೆವರು, ನಾನಲ್ಲ.
‘ಚುಟುಕಾಗಿ ಮುಗಿಸ್ತೀರಿ, ಒಳ್ಳೆ ಶೈಲಿ’ ಎಂದು ಒಬ್ಬರು ಬರೆದರು.
ಶೈಲಿ ಎಂತದು ಮಾರಾಯ್ರೆ,
ತಲೆ ತಿರುಗುತ್ತದೆ.

ಮೊದಲು ನನಗೊಂದು ಕೋಣೆ ಇತ್ತು.
ಎರಡನೇ ಮಹಡಿ, ಲ್ಯಾಬಿನ ಪಕ್ಕ,
ಫಾರ್ಮಲಿನ್ ವಾಸನೆಯಲ್ಲೇ ಒತ್ತಕ್ಷರ ಕಲಿಸಿದ್ದು.
ಏಳು ಮಕ್ಕಳು.
ಮೂವರ ಮನೆಯಲ್ಲಿ ತುಳು, ಇಬ್ಬರದು ಕೊಂಕಣಿ,
ಒಬ್ಬಳು ನನ್ನ ಹಾಗೆ ಬ್ಯಾರಿ,
ಇನ್ನೊಬ್ಬನ ಅಪ್ಪ ಬಳ್ಳಾರಿ, ಅಮ್ಮ ನೆಲ್ಲೂರು, ಜಗಳ ಹಿಂದಿಯಲ್ಲಿ.
ಯಾರ ತಾಯಿಯದೂ ಅಲ್ಲದ ಕನ್ನಡದಲ್ಲಿ
ಏಳೂ ಜನ ಒಂದು ರಬ್ಬರಿಗಾಗಿ ಕಿತ್ತಾಡುತ್ತಿದ್ದರು.
ನಾನು ಬಿಡಿಸುತ್ತಿರಲಿಲ್ಲ. ಸರ್ವನಾಮದ ಪಾಠ ಅದೇ:
ನನ್ನದು, ನಿನ್ನದಲ್ಲ, ಕೊಡೋ, ಕೊಡಲ್ಲ ಹೋಗೆ.

ಸುತ್ತೋಲೆ ಬಂತು. ಒಳ್ಳೆ ಕಾಗದ.
ತಾಯಿನುಡಿಯ ಮಹತ್ವ ಎರಡು ಪುಟ,
ಮೂರನೆಯದರಲ್ಲಿ, ಹದಿನೈದಕ್ಕಿಂತ ಕಡಿಮೆ ಮಕ್ಕಳಿದ್ದರೆ
ವಿಭಾಗ ಇಲ್ಲ.
ಜೊತೆಗೆ ಸಿಬ್ಬಂದಿಗೂ ಒಂದು ಫಾರಂ.
ತಾಯಿನುಡಿ: ಒಂದೇ ಚೌಕ, ಒಂದು ಪದ ಹಿಡಿಸುವಷ್ಟು.
ಉಮ್ಮ ಬೈದದ್ದು ಬ್ಯಾರಿಯಲ್ಲಿ,
ಬೈದದ್ದನ್ನು ನಾನು ಬರೆದಿಟ್ಟದ್ದು ಕನ್ನಡದಲ್ಲಿ.
ಉಪ್ಪಿನಂಗಡಿಯ ಸರಕಾರಿ ಶಾಲೆ,
ಬಿಸಿಯೂಟ ಬರುವ ಮೊದಲಿನ ಕಾಲ,
ಹಸಿವಾದರೂ ಕನ್ನಡದಲ್ಲೇ ಆಗಬೇಕಿತ್ತು.
ಚೌಕ ಖಾಲಿ ಬಿಟ್ಟೆ. ಕಂಪ್ಯೂಟರು ಒಪ್ಪಲಿಲ್ಲ,
ಪಕ್ಕದಲ್ಲೊಂದು ಕೆಂಪು ನಕ್ಷತ್ರ ಹಚ್ಚಿ ಕಾಯುತ್ತ ಕೂತಿತು.

ಈಗ ಲೈಬ್ರರಿಯಲ್ಲಿ ಪುಸ್ತಕಗಳಿಗೆ ಬಾರ್‌ಕೋಡ್ ಅಂಟಿಸುತ್ತೇನೆ.
ಶನಿವಾರ, ಕಾರಿನಲ್ಲಿ, ಇದು.
ಕೇಳುವವರು ಅರವತ್ತಮೂರು.
ತಮ್ಮನ ಮಗ ಹೇಳುತ್ತಾನೆ: ಮುಖ ತೋರಿಸಿ ಮಾಮಿ,
ಮೊದಲ ಮೂರು ಸೆಕೆಂಡಿನಲ್ಲಿ ಹಿಡಿಯಬೇಕು,
ಇಲ್ಲಾಂದ್ರೆ ಜನ ಬೆರಳಲ್ಲಿ ತಳ್ಳಿಬಿಡ್ತಾರೆ.
ಮೂರು ಸೆಕೆಂಡು!
ಹಾಜರಿ ಕರೆದರೆ ‘ಬಂದಿದ್ದೇನೆ’ ಅನ್ನಲಿಕ್ಕೇ
ನಮ್ಮ ಇಲ್ಫಾಳಿಗೆ ಅದಕ್ಕಿಂತ ಹೊತ್ತು ಬೇಕಿತ್ತು.

ಕೋಚಿಂಗ್ ಸೆಂಟರಿನವರೊಬ್ಬರು ಜಾಹೀರಾತು ಕೊಟ್ಟರು,
ಆರನೇ ಕ್ಲಾಸಿನಿಂದಲೇ ಡಾಕ್ಟರು ಮಾಡುತ್ತಾರಂತೆ.
ಎರಡು ಸಂಚಿಕೆಯಲ್ಲಿ ಓದಿದೆ.
ಸುಳ್ಳು ಯಾಕೆ, ಕಾರಿನ ಕಂತು ಬಾಕಿ ಇತ್ತು.
ಮೂರನೆಯ ಸಲ ಕೆಮ್ಮು ಬಂತು, ಅವರಿಗೂ ಅರ್ಥವಾಯಿತು.

ಸದ್ದು ತೊಳೆಯುವ ಒಂದು ಆ್ಯಪ್ ಉಂಟು.
ಟಯರಂಗಡಿಯ ಸುತ್ತಿಗೆ, ಅಸರ್‌ನ ಬಾಂಗು, ನನ್ನ ಉಸಿರು,
ಎಲ್ಲ ಒಂದೇ ಕಸ ಅದಕ್ಕೆ.
ತೊಳೆದು ಕೇಳಿದೆ:
ತೀರಿಹೋದ ಹೆಂಗಸೊಬ್ಬಳು ಬಹಳ ಸ್ಪಷ್ಟವಾಗಿ
ನನ್ನ ಪಾಠ ಹೇಳುತ್ತಿದ್ದಳು.
ಅಳಿಸಿ, ಮೊದಲಿನದನ್ನೇ ಹಾಕಿದೆ.

ಮೊನ್ನೆ ಕಾರಿಡಾರಿನಲ್ಲಿ ಪ್ರಜ್ವಿತ್, ಆ ರಬ್ಬರು ಕಳ್ಳ,
ಈಗ ಫ್ರೆಂಚ್ ವಿಭಾಗ,
‘ಬೋಂಜೂರ್ ಟೀಚರೇ’ ಎಂದು ಕೂಗಿ ಓಡಿದ.
ಕೊನೆಯ ಆ ‘ರೇ’ ಎಲ್ಲಿಂದ ಬಂತೆಂದು
ಅವನ ಹೊಸ ಮೇಡಂಗೆ ಗೊತ್ತಿರಲಿಕ್ಕಿಲ್ಲ.

ಸೋಹಾರ್ ಬಂದರಿನಲ್ಲಿ ಕ್ರೇನ್ ನಡೆಸುವ ಸಿರಿಲ್ ಲೋಬೊ
ನಿನ್ನೆ ರಾತ್ರಿ ದನಿ ಕಳಿಸಿದ್ದಾರೆ:
‘ಅರವತ್ತು ಮೀಟರ್ ಮೇಲೆ ನೀವೊಬ್ಬರೇ ಟೀಚರೇ ನಮಗೆ, ಕಾಗೆ ಸಹ ಇಲ್ಲ.
ಆದರೆ ಆರನೇ ನಿಮಿಷದಲ್ಲಿ ಯಾರೋ ಸುತ್ತಿಗೆ ಬಡಿದರು,
ಒಂದು ಮಾತು ಹೋಯಿತು. ಮೂರು ಸಲ ಕೇಳಿದೆ.
ಕ್ಲಾಸು ಮುಚ್ಚಿದ ದಿನ ಬಾಗಿಲ ಬಳಿ ನಿಂತದ್ದು ಯಾರು?’

ಉತ್ತರ ಹೇಳಲು
ಮತ್ತೆ ಗಾಜು ಏರಿಸುತ್ತಿದ್ದೇನೆ.
ಅಂಗಡಿಯವನು ಇನ್ನೂ ಬಡಿಯುತ್ತಿದ್ದಾನೆ.