ಹನ್ನೊಂದನೆಯವನು ಹೇಳಿದ್ದು

ಡರ್ಬನ್ನಿನ ಕೂಲಿಕಾರರ ಹಾಸ್ಟೆಲ್ಲು, ಹಿಂದಿನ ಸಭಾಂಗಣ,
ಶನಿವಾರ ರಾತ್ರಿ ಹತ್ತು.
ಹತ್ತೊಂಬತ್ತು ತಂಡ. ಬಹುಮಾನದ ಮೇಕೆ
ಬಾಗಿಲ ಚಿಲಕಕ್ಕೆ ಕಟ್ಟಿಸಿಕೊಂಡು
ಯಾರದೋ ಟೋಪಿ ಮೆಲ್ಲುತ್ತಿದೆ.

ತೀರ್ಪುಗಾರ ಇನ್ನೂ ಬಂದಿಲ್ಲ.
ತಾನಾಗಿ ಬರುವವನಲ್ಲ, ಹಿಡಿದು ತರಬೇಕು.
ನಿಯಮ ಹಳೆಯದು:
ಅವನಿಗೆ ನಮ್ಮ ಜುಲು ಬರಬಾರದು,
ನಮ್ಮ ಯಾರ ಅಪ್ಪನ ಹೆಸರೂ ಗೊತ್ತಿರಬಾರದು,
ಕುಡಿದಿದ್ದರೂ ಕುರ್ಚಿಯಿಂದ ಬೀಳಬಾರದು.
ಹೆತ್ತವರಿಗೆ ಹೆಗ್ಗಣ ಮುದ್ದು.
ನಮ್ಮವನೊಬ್ಬನನ್ನೇ ಕೂರಿಸಿದ ವರ್ಷ
ಎರಡು ಹಲ್ಲು, ಒಂದು ಕಿಟಕಿ ಹೋದವು.

ನಾನೂ ಬೆಕುಮುಜಿಯೂ ಬೀದಿಗಿಳಿದೆವು.
ಬೇಕರಿಯ ಪಾಳಿ ಮುಗಿಸಿ ಬರುತ್ತಿದ್ದ
ಪೆರುಮಾಳ್ ಗೊವೆಂಡರ್ ಸಿಕ್ಕ,
ಹುಬ್ಬಿನ ಮೇಲೆ ಮೈದಾ, ಕಂಕುಳಲ್ಲಿ ಬ್ರೆಡ್ಡು.
‘ನನಗೆ ಸಂಗೀತ ಗೊತ್ತಿಲ್ಲಪ್ಪ’ ಅಂದ.
‘ಅದಕ್ಕೇ’ ಅಂದೆವು.

ಅವನಿಗೊಂದು ಕಂಬಳಿ, ಒಂದು ಜಗ್ಗು ಚಹಾ,
ಅಂಕ ಬರೆಯಲು ಬ್ರೆಡ್ಡು ಸುತ್ತಿದ ಕಾಗದ.

ಎಶೋವೆಯವರು ಬಂದರು,
ಹಳದಿ ಸೂಟು, ಬಿಳಿ ಕೈಗವಸು,
ತುದಿಗಾಲಲ್ಲಿ, ನೆಲಕ್ಕೂ ಸುಳಿವು ಕೊಡದೆ.
ಮುಂದಾಳು ಮೇಲಿನ ಷಡ್ಜಕ್ಕೆ ಹತ್ತಿ
ಅಲ್ಲೇ ಕೂತ, ಇಳಿಯುವ ಮನಸ್ಸಿಲ್ಲದೆ.
ಒಬ್ಬ ಹೆಂಗಸು ಎದ್ದು ಹೋಗಿ ಮೇಜಿಗೆ ನಾಣ್ಯ ಕುಕ್ಕಿದಳು:
ಇನ್ನೊಂದು ನುಡಿ!

ಹೊರಗೆ ಮೆಟ್ಟಿಲ ಮೇಲೆ ಬೇರೆಯದೇ ಪಂಚಾಯ್ತಿ.
ಮುದುಕಿ ಥೋಕೊಜಿಲೆ ಬೂಟು ನೋಡಿ ಸ್ಥಾನ ಕೊಡುತ್ತಾಳೆ;
ಬೂಟು ಹೊಳೆಯದವನ ಗಂಟಲು ಹೊಳೆದೀತೆ?
ಬೆಕುಮುಜಿಗೆ ಮುಕ್ತಾಯ ಮುಖ್ಯ,
ಒಳ್ಳೆಯ ಬಡಗಿ ಮಾಡಿದ ಡ್ರಾಯರಿನಂತೆ
ಸದ್ದಿಲ್ಲದೆ ಮುಚ್ಚಬೇಕು.
ನಾನು ಮಂದ್ರದವನು. ಹಾಡು ಅಂಗಾಲಿಗೆ ತಾಗದಿದ್ದರೆ
ನನ್ನ ಲೆಕ್ಕದಲ್ಲಿ ಅದು ಬರೀ ಮಾತು.
ಆದರೆ ಎಲ್ಲಕ್ಕಿಂತ ದೊಡ್ಡ ಹಾಡು ಯಾವುದು ಅಂದರೆ
ಎಲ್ಲರೂ ಹೇಳುವುದು ಪೈನ್‌ಟೌನಿನ ಆ ರಾತ್ರಿಯದು,
ಅದೂ ಅಲ್ಲಿರದಿದ್ದವರೇ ಹೆಚ್ಚು ಜೋರಾಗಿ.

ಎರಡೂವರೆಗೆ ನಮ್ಮ ಸರದಿ.
ರೈಲಿನ ಹಾಡು, ಬಾರದ ಕಾಗದದ ಹಾಡು.
ಚೆನ್ನಾಗಿಯೇ ಬಂತು.
ಮೂರನೆಯ ನುಡಿಯಲ್ಲಿ ಜಿಬೂಸೆ ಕೆಮ್ಮಿದ,
ಅದು ಬೇರೆ ಮಾತು.

ನಾಲ್ಕಕ್ಕೆ ಡಂಡೀಯ ಹುಡುಗರು.
ಕಲ್ಲಿದ್ದಲ ಕಡೆಯವರು, ಎರವಲು ಸೂಟು,
ತೋಳು ಕೆಲವರಿಗೆ ಗಿಡ್ಡ, ಕೆಲವರಿಗೆ ಬೆರಳು ಮುಚ್ಚುವಷ್ಟು ಉದ್ದ.
ಹೆಜ್ಜೆಯಿಲ್ಲ, ಕುಣಿತವಿಲ್ಲ.
ಒಬ್ಬ ಒಂದು ಹೆಸರು ಹೇಳುತ್ತಾನೆ,
ಒಂಬತ್ತು ಜನ ಅದರ ಕೆಳಗೆ ದನಿ ಹಾಸುತ್ತಾರೆ,
ಹೆಸರು ಅದರ ಮೇಲೆ ಮಲಗುತ್ತದೆ.
ಮತ್ತೊಂದು ಹೆಸರು.
ಗಣಿ ಕುಸಿದ ದಿನ ಮೇಲೆ ಬಾರದವರು, ನಲವತ್ತೊಂದು ಮಂದಿ.
ಇಪ್ಪತ್ತರ ಹೊತ್ತಿಗೆ ನಾನು ಎಣಿಸುವುದು ಬಿಟ್ಟೆ.
ನಾಣ್ಯ ಹಿಡಿದು ಎದ್ದಿದ್ದ ಹೆಂಗಸು
ಮುಷ್ಟಿ ಬಿಗಿದು ಹಾಗೇ ಕೂತಳು.

ಗೊವೆಂಡರ್ ಮಾತ್ರ ನಗುಮುಖದಲ್ಲಿ
ಕಾಲಿನಲ್ಲಿ ತಾಳ ಹಾಕುತ್ತಿದ್ದ.

ಬೆಳಕು ಹರಿದಾಗ ಕಾಗದ ಬಿಚ್ಚಿದ.
ಒಂದನೆಯದು ಡಂಡೀ.
ಯಾಕೆ ಅಂತ ಯಾರೋ ಕೇಳಿದರು.
‘ಎಂಥ ಮದುವೆ ಹಾಡು ಮಾರಾಯರೇ!
ಬಂದವರನ್ನೆಲ್ಲ ಹೆಸರು ಹಿಡಿದು ಕರೆದು
ಕೂರಿಸ್ತೀರಲ್ಲ, ಒಬ್ಬರನ್ನೂ ಬಿಡದೆ.’

ಸಭಾಂಗಣದಲ್ಲಿ ಇನ್ನೂರು ಜನ. ಒಬ್ಬರೂ ತಿದ್ದಲಿಲ್ಲ.
ಆ ತಂಡದ ಮುಂದಾಳು, ಮಾಂಡ್ಲೆನ್ಕೋಸಿ ಅಂತ, ಮೀಸೆ ಬಾರದವನು,
ಕೈಗವಸಿನ ಒಂದೊಂದೇ ಬೆರಳು ಬಿಚ್ಚುತ್ತ ನಿಂತಿದ್ದ.
ಆಮೇಲೆ ಇಂಗ್ಲಿಷಿನಲ್ಲಿ, ಮೆಲ್ಲಗೆ:
‘ಹೌದು ಸಾರ್. ಎಲ್ಲರೂ ಬಂದಿದ್ದರು.’

ಭಾಷೆ ಬಲ್ಲ ನಾವಾಗಿದ್ದರೆ
ಆ ಹಾಡಿಗೆ ಅಂಕ ಹಾಕುತ್ತಿದ್ದೆವೇ?
ಎರಡನೆಯದೆಂದು ಬರೆಯಲು ಯಾರಿಗೆ ಕೈ ಬಂದೀತು,
ಒಂದನೆಯದೆಂದು ಬರೆಯಲು ತಾನೆ ಯಾರಿಗೆ?

ಸೋಮವಾರ ಬಂದರಿನಲ್ಲಿ ಸಕ್ಕರೆ ಮೂಟೆ.
ಬೆನ್ನು ಬಾಗಿದಾಗ ಎದೆಯಿಂದ ಏನೋ ಹೊರಟಿತು,
ಮೂಟೆಯ ಕೆಳಗೆ ಹಾಸುವಂಥ ದನಿ.
‘ಅದು ನಮ್ಮದಲ್ಲ’ ಎಂದ ಬೆಕುಮುಜಿ.
ನಮ್ಮದಲ್ಲ, ನನಗೂ ಗೊತ್ತು. ನಿಲ್ಲಿಸಲಾಗಲಿಲ್ಲ.

ಆದರೂ ಹೇಳಿಬಿಡುತ್ತೇನೆ:
ನಮಗೆ ಹನ್ನೊಂದು ಕೊಟ್ಟದ್ದು ಅನ್ಯಾಯ.
ಕೆಮ್ಮು ಕಳೆದರೂ
ಆರನೆಯದಕ್ಕೆ ಮೋಸವಿರಲಿಲ್ಲ.